ಒಂದೇ ಗೆರೆಯ ಮೇಲೆ ಮುನ್ನೂರು ಕೋಟಿ ಅಕ್ಷರ

ಯುಸಿಎಸ್‌ಸಿ ಜೀನೋಮ್ ಬ್ರೌಸರ್ ಎಂಬ ಜಾಲತಾಣದಲ್ಲಿ ಎಚ್‌ಬಿಬಿ ಎಂದು ಟೈಪ್ ಮಾಡಿದರೆ ಹನ್ನೊಂದನೆಯ ಕ್ರೋಮೋಸೋಮಿನ ಒಂದು ಚೂರು ಪರದೆಯ ಮೇಲೆ ಬಂದು ನಿಲ್ಲುತ್ತದೆ. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯನ್ನು ಕಟ್ಟುವ ಜೀನ್ ಇದು. ಉದ್ದ ಡಿಎನ್‌ಎಯ ಸುಮಾರು 1,600 ಅಕ್ಷರ. ಮೂರು ದಪ್ಪ ತುಂಡು, ನಡುವೆ ತೆಳು ಗೆರೆ, ಗೆರೆಯ ಮೇಲೆ ಎಡಕ್ಕೆ ಮುಖ ಮಾಡಿದ ಪುಟ್ಟ ಬಾಣಗಳು. ಉಳಿಯುವುದು ದಪ್ಪ, ಕತ್ತರಿಸಿ ಹೋಗುವುದು ತೆಳು. ಜೀನಿನ ರಚನೆಯನ್ನು ಇಷ್ಟು ಸರಳವಾಗಿ ಕಣ್ಣಿಗೆ ಒಪ್ಪಿಸಿದ ಚಿತ್ರ ನನಗೆ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಿಲ್ಲ.

ಈ ಸಲಕರಣೆಯ ಹುಟ್ಟಿನಲ್ಲೇ ಒಂದು ದೊಡ್ಡತನವಿದೆ. ಮಾನವ ಜೀನೋಮ್ ಪೇಟೆಂಟುಗಳ ಪಾಲಾದೀತೆಂಬ ಆತಂಕದಲ್ಲಿ ಸಾಂತಾಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಯುಸಿಎಸ್‌ಸಿ) ವಿದ್ಯಾರ್ಥಿ ಜಿಮ್ ಕೆಂಟ್ ಕೆಲವೇ ವಾರಗಳಲ್ಲಿ, ಓದಿದ್ದ ಡಿಎನ್‌ಎ ಚೂರುಗಳನ್ನು ಜೋಡಿಸುವ ಪ್ರೋಗ್ರಾಂ ಬರೆದರು. 2000ದ ಜುಲೈ 7ರಂದು ಹಾಗೆ ಜೋಡಿಸಿದ ಜೀನೋಮಿನ ಕರಡು ಎಲ್ಲರಿಗೂ ಸಿಕ್ಕಿತು. ಅದನ್ನು ಓದಲು ಕಟ್ಟಿದ ಕಿಟಕಿಯೇ ಈ ಬ್ರೌಸರ್.

ಈಗ ಎಚ್‌ಬಿಬಿಯ ಚಿತ್ರವನ್ನು ಹಿಗ್ಗಿಸುತ್ತ ಹೋಗಿ. 52,27,002ನೆಯ ಜಾಗದಲ್ಲಿ ಟಿ ಕಾಣುತ್ತದೆ. ಅಲ್ಲಿ ಎ ಇದ್ದು, ಅದು ತಂದೆ ತಾಯಿ ಇಬ್ಬರಿಂದಲೂ ಬಂದಿದ್ದರೆ ಸಿಕಲ್ ಸೆಲ್ ರೋಗ; ನಮ್ಮ ಚಾಮರಾಜನಗರದ ಸೋಲಿಗರ ಪೋಡುಗಳಿಗೂ ಅದರ ನೋವು ಗೊತ್ತು. ಆದರೆ ತರಗತಿಯಲ್ಲಿ ಕಲಿಸುವುದು ಎ ಹೋಗಿ ಟಿ ಬಂತು ಎಂದು. ಎರಡೂ ಸರಿಯೇ: ಡಿಎನ್‌ಎಯ ಎರಡು ಎಳೆಗಳಲ್ಲಿ ಪರದೆ ತೋರಿಸುವುದು ಒಂದನ್ನು, ಈ ಜೀನ್ ಇರುವುದು ಎದುರು ಎಳೆಯಲ್ಲಿ; ಒಂದರ ಟಿಗೆ ಇನ್ನೊಂದರಲ್ಲಿ ಎ ಜೋಡಿ. ಬಾಣಗಳು ಎಡಕ್ಕಿರುವುದು ಅದಕ್ಕೇ. ಚಿತ್ರವನ್ನು ಎದುರು ಎಳೆಗೆ ತಿರುವಿ ತೋರಿಸುವ ಗುಂಡಿಯೂ ಉಂಟು, ಆದರೆ ಅದನ್ನು ಚಿತ್ರದ ಕೆಳಗಿನ ಗುಂಡಿಗಳ ಸಾಲಿನಲ್ಲಿ ಹುಡುಕಬೇಕು. ಹೊಸಬರು ಎಡವುವ ಜಾಗದಲ್ಲಿ ಇಷ್ಟು ಸಣ್ಣ ಸುಳಿವು ಸಾಲದು.

ಇದಕ್ಕಿಂತ ಗಂಭೀರ ತೊಡಕು ಅಂಕಿಗಳದು. ಜೋಡಿಸಿದ ಜೀನೋಮಿನ ಹಿಂದಿನ ಆವೃತ್ತಿಯಾದ ಎಚ್‌ಜಿ19ರಲ್ಲಿ ಇದೇ ಅಕ್ಷರದ ಅಂಕಿ 52,48,232. ಹಳೆಯ ವರದಿಯ ಆ ಅಂಕಿಯನ್ನು ಹೊಸ ಎಚ್‌ಜಿ38ರಲ್ಲಿ ಹಾಕಿದರೆ, ಭ್ರೂಣದ ಹಿಮೋಗ್ಲೋಬಿನ್ನಿಗೆ ಸೇರಿದ ಬೇರೊಂದು ಜೀನಿನ ಮಗ್ಗುಲಿಗೆ ಹೋಗಿ ಇಳಿಯುತ್ತೇವೆ. ಪರದೆ ಅದನ್ನೂ ಅಷ್ಟೇ ಅಂದವಾಗಿ ಬಿಡಿಸಿಕೊಡುತ್ತದೆ. ಎಚ್ಚರಿಸಲು ಇರುವುದು ಮೇಲ್ಗಡೆಯ ಆವೃತ್ತಿಯ ಹೆಸರು ಮಾತ್ರ. ರೋಗಿಯ ವರದಿ ಓದುವವರ ಕೈಯಲ್ಲಿರುವ ಸಲಕರಣೆಗೆ ಇದು ಸಣ್ಣ ಕೊರತೆಯಲ್ಲ.

ಎಲ್ಲಕ್ಕೂ ಬುಡದಲ್ಲಿರುವುದು ಒಂದೇ ಗೆರೆ, ಅಂದರೆ ಎಲ್ಲರನ್ನೂ ಹೋಲಿಸಿ ನೋಡುವ ಮುನ್ನೂರು ಕೋಟಿ ಅಕ್ಷರಗಳ ಮಾದರಿ ಜೀನೋಮ್. ಎಲ್ಲ ಮಾಹಿತಿಯನ್ನೂ ಒಂದೇ ಅಳತೆಗೋಲಿನ ಕೆಳಗೆ ಸಾಲಾಗಿ ಕೂರಿಸಿದ್ದು ಈ ಬ್ರೌಸರ್‌ನ ಶಕ್ತಿ. ಆದರೆ ಆ ಗೋಲಿನ ಸುಮಾರು ಶೇ. 70 ಭಾಗ ಒಬ್ಬನೇ ದಾನಿಯ ಡಿಎನ್‌ಎ. ಅವನಲ್ಲಿದ್ದದ್ದು ಮೂಲ, ಉಳಿದವರದ್ದು ವ್ಯತ್ಯಾಸ ಎಂಬಂತೆ ಕಣ್ಣು ಪಳಗಿಬಿಡುತ್ತದೆ. ಜೀನೋಮ್ ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ಜೀನೋಮ್ ಓದಿದೆ. ಆ ಗೆರೆಯಲ್ಲಿ ಇಲ್ಲವೇ ಇಲ್ಲದ ತುಂಡೊಂದು ಅವರಲ್ಲಿದ್ದರೆ ಅದನ್ನು ಎಲ್ಲಿ ಬಿಡಿಸಬೇಕು? 2023ರಲ್ಲಿ 47 ಜನರ ಜೀನೋಮ್‌ಗಳನ್ನು ಹೆಣೆದ ಪ್ಯಾನ್‌ಜೀನೋಮ್ ಕರಡು ಹೊರಬಂತು. ಅದರ ಸಾಲುಗಳನ್ನೂ ಬ್ರೌಸರ್ ತೋರಿಸುತ್ತದೆ, ಆದರೆ ಅದೇ ಹಳೆಯ ಗೆರೆಯ ಕೆಳಗೆ.