ತಂಡದಲ್ಲಿ ಬಾಯಿ ಬಿಡುವವರು ಯಾರು?

ಮದ್ದೂರು ತಾಲೂಕಿನ ಸೋಮನಹಳ್ಳಿಯಲ್ಲಿ ಹುಟ್ಟಿದ ಎಸ್.ಎಂ. ಕೃಷ್ಣ 1999ರಿಂದ 2004ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಸರಕಾರದ ಹೆಮ್ಮೆಯಾಗಿತ್ತು. ಆದರೆ ಸೋಮನಹಳ್ಳಿಯಂಥ ಊರುಗಳ ಮಕ್ಕಳಿಗೆ ಆ ಉದ್ಯಮದೊಳಗೆ ಎಂಥ ಜಾಗ ಸಿಕ್ಕಿತು? ಹೀಗೆ ಕೇಳುವವರು ಓದಬೇಕಾದ ಪುಸ್ತಕ ಕ್ಯಾರಲ್ ಉಪಾಧ್ಯ ಅವರ ‘ರೀಇಂಜಿನಿಯರಿಂಗ್ ಇಂಡಿಯಾ’ (2016).

ಪ್ರತಿಭೆಯೊಂದೇ ಮಾನದಂಡವೆಂಬ ಉದ್ಯಮದ ಮಾತನ್ನು ಲೇಖಕಿ ಹಾಗೆಯೇ ಒಪ್ಪುವುದಿಲ್ಲ. ನೌಕರರಲ್ಲಿ ಹೆಚ್ಚಿನವರು ನಗರದ, ಮಧ್ಯಮ ವರ್ಗದ, ಮೇಲ್ಜಾತಿಯ ಮನೆಗಳವರು. ‘ಸಾಫ್ಟ್ ಸ್ಕಿಲ್ಸ್’ ತರಬೇತಿ ಕಲಿಸುವುದು ವಿದೇಶಿ ಗ್ರಾಹಕರಿಗೆ ಒಗ್ಗುವ ನಡೆನುಡಿಯನ್ನು ಎಂದು ತೋರಿಸುತ್ತಾರೆ. ಪುಸ್ತಕದ ಬಲವೇ ಇದು. ಆದರೆ ಈ ಅಂತರದಿಂದ ಕೆಲಸದ ಗುಣಮಟ್ಟಕ್ಕೆ ಏನಾಗುತ್ತದೆ ಎಂಬುದು ಅದರ ಮುಖ್ಯ ಪ್ರಶ್ನೆಯಲ್ಲ.

ಪ್ರೋಗ್ರಾಮರ್‌ಗಳು ಅಹಂ ಬಿಟ್ಟು ತಮ್ಮ ಕೋಡನ್ನು ಇತರರ ಪರಿಶೀಲನೆಗೆ ಒಡ್ಡಬೇಕೆಂದು ಜೆರಾಲ್ಡ್ ವೈನ್‌ಬರ್ಗ್ 1971ರಲ್ಲೇ ಬರೆದಿದ್ದರು. ಒಡ್ಡಿದರೆ ಸಾಲದು, ತಪ್ಪನ್ನು ಹೇಳುವ ಧೈರ್ಯ ಎದುರಿಗಿದ್ದವರಿಗೂ ಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಇಂಗ್ಲಿಷ್ ಸಭೆಯಲ್ಲಿ ಹಿರಿಯರ ತಪ್ಪು ಕಂಡೂ ಸುಮ್ಮನಿದ್ದರೆ, ಆ ತಪ್ಪು ಗ್ರಾಹಕನ ಕೈ ಸೇರುತ್ತದೆ. ಅವಳ ಮೌನವನ್ನು ಅಸಾಮರ್ಥ್ಯವೆಂದು ಬರೆದಿಡುವ ತಂಡ ಅವಳಿಗೆ ಅನ್ಯಾಯ ಮಾಡುತ್ತದೆ, ತನ್ನ ಕೆಲಸವನ್ನೂ ಕೆಡಿಸಿಕೊಳ್ಳುತ್ತದೆ.