ಓದಬಾರದ ಓಲೆಗಳು: ಒಂದು ಹಾಸ್ಯ ಕಾದಂಬರಿಯ ಸುತ್ತ

ಹಾಸ್ಯ ಕಾದಂಬರಿಯನ್ನು ಓದಿ, ನಕ್ಕು, ಬದಿಗಿಡುವುದು ವಾಡಿಕೆ. ಅದನ್ನು ವಿಮರ್ಶಿಸುವ ಗೋಜಿಗೆ ಹೋಗುವವರು ಕಡಿಮೆ. ಆದರೆ ಕೆಲವು ನಗೆಗಳು ಓದು ಮುಗಿದ ಮೇಲೂ ಮನಸ್ಸಿನಲ್ಲಿ ಒಂದು ಮುಳ್ಳನ್ನು ಉಳಿಸಿ ಹೋಗುತ್ತವೆ. ಅಮೆರಿಕದ ಲೇಖಕಿ ರೇನ್‌ಬೋ ರೋವೆಲ್ ಅವರ ಮೊದಲ ಕಾದಂಬರಿ ‘ಅಟ್ಯಾಚ್‌ಮೆಂಟ್ಸ್’ (೨೦೧೧) ಅಂಥದು. ಈ ಇಂಗ್ಲಿಷ್ ಶಬ್ದಕ್ಕೆ ಎರಡು ಅರ್ಥ. ಕಚೇರಿಯ ಭಾಷೆಯಲ್ಲಿ ಅದು ಲಗತ್ತು. ಮನೆಯ ಭಾಷೆಯಲ್ಲಿ ನಂಟು. ಕಚೇರಿಯ ಲಗತ್ತು ಮನಸ್ಸಿನ ನಂಟಾಗಿ ಬೆಳೆಯುವ ಕಥೆಯೇ ಈ ಕಾದಂಬರಿ.

ಕಥೆ ನಡೆಯುವುದು ೧೯೯೯ರಲ್ಲಿ, ಒಮಾಹಾ ನಗರದ ಒಂದು ದಿನಪತ್ರಿಕೆಯ ಕಚೇರಿಯಲ್ಲಿ. ಆ ಕಾಲ ನಮ್ಮ ಮಾದಾಪುರದವರಿಗೂ ಅಪರಿಚಿತವಲ್ಲ. ಹೈಟೆಕ್ ಸಿಟಿಯ ಸೈಬರ್ ಟವರ್ಸ್ ಕಟ್ಟಡವನ್ನು ಪ್ರಧಾನಿ ವಾಜಪೇಯಿಯವರು ಉದ್ಘಾಟಿಸಿದ್ದು ೧೯೯೮ರ ನವೆಂಬರಿನಲ್ಲಿ. ೨೦೦೦ನೆಯ ಇಸವಿ ಹುಟ್ಟಿದ ಕ್ಷಣವೇ ಜಗತ್ತಿನ ಕಂಪ್ಯೂಟರುಗಳೆಲ್ಲ ದಿನಾಂಕದ ಲೆಕ್ಕ ತಪ್ಪಿ ಕೆಡುತ್ತವೆಂಬ ಭೀತಿ ಆಗ ಎಲ್ಲೆಡೆ ಹಬ್ಬಿತ್ತು. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟ ಹಳೆಯ ಪ್ರೋಗ್ರಾಮುಗಳನ್ನು ತಿದ್ದುವ ಕೆಲಸ ನಮ್ಮ ದೇಶದ ಎಷ್ಟೋ ತರುಣರಿಗೆ ಅನ್ನ ಕೊಟ್ಟಿತು. ಬೀದರ್, ಕಲಬುರಗಿ, ರಾಯಚೂರುಗಳಿಂದ ಬಂದ ನಮ್ಮ ಹುಡುಗರು ಅಮೀರ್‌ಪೇಟೆಯಲ್ಲಿ ತರಬೇತಿ ಪಡೆದು ಮಾದಾಪುರದಲ್ಲಿ ಕೆಲಸ ಹಿಡಿಯುವ ದಾರಿ ತೆರೆದದ್ದು ಆ ವರ್ಷಗಳಲ್ಲಿಯೇ. ಕಾದಂಬರಿಯ ಕಚೇರಿಯಲ್ಲಿಯೂ ಅದೇ ಭೀತಿ, ಅದೇ ತಿದ್ದುಪಡಿಯ ಗಡಿಬಿಡಿ.

ನಾಯಕ ಲಿಂಕನ್‌ಗೆ ಇಪ್ಪತ್ತೆಂಟು ವರ್ಷ. ಓದಿಕೊಂಡವನು, ಸಂಕೋಚದವನು, ತಾಯಿಯ ಮನೆಯಲ್ಲಿಯೇ ಇರುವವನು. ರಾತ್ರಿ ಪಾಳಿಯಲ್ಲಿ ಅವನ ಕೆಲಸ ಇಷ್ಟೇ: ಕಚೇರಿಯ ಇ-ಮೇಲುಗಳಲ್ಲಿ ನಿಷಿದ್ಧ ಪದಗಳು ಬಂದರೆ ಯಂತ್ರ ಅವನ್ನು ಹಿಡಿದುಕೊಡುತ್ತದೆ, ಅವನು ಓದಿ, ತಪ್ಪಿತಸ್ಥರಿಗೆ ಎಚ್ಚರಿಕೆಯ ಪತ್ರ ಕಳಿಸಬೇಕು. ಚಲನಚಿತ್ರ ವಿಮರ್ಶೆ ಬರೆಯುವ ಬೆತ್ ಮತ್ತು ಪ್ರತಿ ತಿದ್ದುವ ಜೆನಿಫರ್ ಎಂಬ ಗೆಳತಿಯರ ಹರಟೆ ಪದೇ ಪದೇ ಈ ಬಲೆಗೆ ಬೀಳುತ್ತದೆ. ನಿಯಮದಂತೆ ಎಚ್ಚರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇವರಿಂದ ಯಾರಿಗೂ ಕೇಡಿಲ್ಲವೆಂದು ಅವನು ಸುಮ್ಮನಾಗುತ್ತಾನೆ. ಎಚ್ಚರಿಕೆ ಬಾರದ್ದರಿಂದ ಗೆಳತಿಯರಿಗೂ ಧೈರ್ಯ. ಅವರು ಬರೆಯುತ್ತಾರೆ, ಇವನು ಓದುತ್ತಾನೆ. ಕೊನೆಗೆ ಮುಖವನ್ನೇ ಕಾಣದ ಬೆತ್‌ಳನ್ನು ಇವನು ಪ್ರೀತಿಸತೊಡಗುತ್ತಾನೆ. ಅತ್ತ ಬೆತ್ ಕಚೇರಿಯ ಓಣಿಯಲ್ಲಿ ಕಂಡ ಒಬ್ಬ ಸುಂದರನನ್ನು ಮೆಚ್ಚಿ ಗೆಳತಿಗೆ ವರ್ಣಿಸುತ್ತಾಳೆ. ಆ ಸುಂದರ ತಾನೇ ಎಂದು ಲಿಂಕನ್‌ಗೆ ತಿಳಿಯುವುದೂ ಆ ಕದ್ದ ಓದಿನಿಂದಲೇ!

ಕಥಾಸಂವಿಧಾನದಲ್ಲಿ ಲೇಖಕಿ ನಿಸ್ಸಂದೇಹವಾಗಿ ಗೆದ್ದಿದ್ದಾರೆ. ಸ್ವತಃ ಪತ್ರಿಕೆಯಲ್ಲಿ ಅಂಕಣ ಬರೆಯುತ್ತಿದ್ದವರಾದ್ದರಿಂದ ಕಚೇರಿಯ ವಾತಾವರಣ ಕಣ್ಣಿಗೆ ಕಟ್ಟುತ್ತದೆ. ಒಂದೆಡೆ ಗೆಳತಿಯರ ಓಲೆಗಳು, ಇನ್ನೊಂದೆಡೆ ಲಿಂಕನ್ನನ ದಿನಚರಿ. ಹೀಗೆ ಅಧ್ಯಾಯಗಳು ಸಾಗುತ್ತವೆ. ಮಗ ಹಸಿದಾನೆಂದು ತಾಯಿ ಕಟ್ಟಿಕೊಡುವ ಬುತ್ತಿ, ಅದನ್ನು ಹಂಚಿಕೊಂಡು ತಿನ್ನುವ ಹಿರಿಯ ಸಹೋದ್ಯೋಗಿ ಡೋರಿಸ್, ಇವೆಲ್ಲ ನಮ್ಮವೇ ಎನಿಸುತ್ತವೆ. ಮೂವತ್ತರ ಹತ್ತಿರದ ಮಗ ತಾಯಿಯೊಡನೆ ಇದ್ದಾನೆಂದರೆ ಅಲ್ಲಿ ಅದೇ ಒಂದು ಹಾಸ್ಯ, ನಮಗೆ ಅದೇ ಸಹಜ. ಆದ್ದರಿಂದ ಲೇಖಕಿ ನಗಿಸಲೆಂದು ಬರೆದ ಕಡೆ ನಾವು ಮರುಗುತ್ತೇವೆ. ಆ ತಾಯಿ ನಮಗೆ ಹೆಚ್ಚು ಅರ್ಥವಾಗುತ್ತಾಳೆ.

ಇಷ್ಟು ಮೆಚ್ಚಿದ ಮೇಲೆ ತಕರಾರನ್ನೂ ಹೇಳಬೇಕು. ಓಲೆಗಳನ್ನು ಓದುವುದು ತಪ್ಪೆಂದು ಲಿಂಕನ್ ಬಲ್ಲ, ಕೊರಗುತ್ತಾನೆ, ಕೆಲಸ ಬಿಡುತ್ತಾನೆ, ಕ್ಷಮೆ ಕೋರಿ ಬರೆಯುತ್ತಾನೆ. ಬೆತ್ ಕ್ಷಮಿಸುತ್ತಾಳೆ, ಚಿತ್ರಮಂದಿರದ ಕತ್ತಲಲ್ಲಿ ಪ್ರೇಮಿಗಳು ಒಂದಾಗುತ್ತಾರೆ. ಇವನು ಅವಳ ಪತ್ರ ಓದಿದ, ಅವಳು ಇವನ ಮೇಲೆ ಕಣ್ಣಿಟ್ಟಿದ್ದಳು, ಲೆಕ್ಕ ಸರಿಹೋಯಿತು ಎಂಬ ಧಾಟಿ ಇಲ್ಲಿದೆ. ಆದರೆ ಈ ತಕ್ಕಡಿ ಸಮವಲ್ಲ. ಓಣಿಯಲ್ಲಿ ನಡೆದುಹೋಗುವವನನ್ನು ನೋಡುವುದು ಬೇರೆ, ಪೆಟ್ಟಿಗೆಯಲ್ಲಿಟ್ಟ ಓಲೆ ತೆಗೆದು ಓದುವುದು ಬೇರೆ. ಮೊದಲನೆಯದಕ್ಕೆ ಕಣ್ಣಿದ್ದರೆ ಸಾಕು. ಎರಡನೆಯದಕ್ಕೆ ಕೈಯಲ್ಲಿ ಕೀಲಿಕೈ ಬೇಕು.

ಇದಕ್ಕಿಂತ ದೊಡ್ಡ ಪ್ರಶ್ನೆ ಜೆನಿಫರ್‌ಳದು. ತಾಯಿಯಾಗಲು ಅಂಜುವ ಹೆಣ್ಣು, ನಿಧಾನವಾಗಿ ಆಸೆಗೆ ತಿರುಗಿ, ಬಸಿರಾಗಿ, ಅದನ್ನು ಕಳೆದುಕೊಳ್ಳುತ್ತಾಳೆ. ಆ ದುಃಖವನ್ನು ಅವಳು ಹೇಳಿಕೊಂಡದ್ದು ಒಬ್ಬ ಗೆಳತಿಗೆ. ಓದಿದವನು ಮುಖಪರಿಚಯವಿಲ್ಲದ ಒಬ್ಬ ಗಂಡಸು. ಬೆತ್‌ಗೆ ಪರಿಹಾರವಾಗಿ ಪ್ರೇಮ ದೊರಕಿತು. ಜೆನಿಫರ್‌ಗೆ ಏನು ದೊರಕಿತು? ಕಥೆ ಬೆತ್‌ಳ ಕ್ಷಮೆಯ ಮೇಲೆ ನಿಂತು ಮುಗಿಯುತ್ತದೆ. ಜೆನಿಫರ್‌ಳ ಪಾಲಿನ ಸಾಲ ತೀರದೆ ಉಳಿಯುತ್ತದೆ. ನಗೆಯ ಓಟದಲ್ಲಿ ಲೇಖಕಿ ಇದನ್ನು ದಾಟಿಕೊಂಡು ಹೋಗಿದ್ದಾರೆ.

ಇಲ್ಲಿ ಮಾಸ್ತಿಯವರ ‘ರಂಗನ ಮದುವೆ’ ನೆನಪಾಗುತ್ತದೆ. ಅಲ್ಲಿಯೂ ಗುಟ್ಟು ತಿಳಿದ ಒಬ್ಬನಿದ್ದಾನೆ. ರಂಗನ ಮನಸ್ಸು ರತ್ನಳ ಮೇಲೆ ಹೋಯಿತೆಂದು ಅರಿತ ಶ್ಯಾಮ, ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು, ಜ್ಯೋತಿಷ್ಯದ ನಾಟಕ ಹೂಡಿ ಮದುವೆ ಕೂಡಿಸುತ್ತಾನೆ. ಅದೂ ಒಂದು ಕಪಟವೇ. ಆದರೆ ಗುಟ್ಟನ್ನು ಅರಿತವನು ಅದರಿಂದ ತನಗೆಂದು ಏನೂ ಪಡೆಯುವುದಿಲ್ಲ. ಅವನ ಕಪಟ ಸ್ನೇಹಿತನ ಸುಖಕ್ಕೆ. ಹಾಗಾಗಿ ನಾವು ಅಳುಕಿಲ್ಲದೆ ನಗುತ್ತೇವೆ. ಲಿಂಕನ್ನನ ಕಥೆಯಲ್ಲಿ ಗುಟ್ಟು ಅರಿತವನೇ ಮದುಮಗ. ನಮ್ಮ ನಗೆಯಲ್ಲಿ ಅಳುಕು ಸೇರುವುದು ಇದರಿಂದಲೇ.

ಈ ಅಳುಕು ನಮ್ಮ ಮನೆಗಳಿಗೆ ದೂರದ ಮಾತಲ್ಲ. ಮಕ್ಕಳ ಮದುವೆ ಬಂಧುಬಳಗದ ಮೂಲಕವೇ ಕೂಡಿಬರುತ್ತಿದ್ದ ಸಂಸಾರಗಳಲ್ಲಿ ಇಂದು “ಎಲ್ಲಿ ಪರಿಚಯವಾಯಿತಮ್ಮಾ?” ಎಂದರೆ “ಆಫೀಸಿನಲ್ಲಿ” ಎಂಬ ಉತ್ತರ ಸಾಮಾನ್ಯ. ಆ ಪರಿಚಯ ಬೆಳೆಯುವುದು ಎಷ್ಟೋ ಸಲ ಕಂಪೆನಿ ಕೊಟ್ಟ ಲ್ಯಾಪ್‌ಟಾಪಿನ ಮೇಲೆ. ೨೦೨೦ರಲ್ಲಿ ಕೋವಿಡ್ ಬಂದು ಕಚೇರಿಯೇ ಮನೆಯೊಳಗೆ ಕಾಲಿಟ್ಟಿತು. ಕೀಲಿಮಣೆ ಒತ್ತಿದ್ದನ್ನು ಎಣಿಸುವ, ಪರದೆಯ ಚಿತ್ರ ತೆಗೆಯುವ ಸಾಫ್ಟ್‌ವೇರುಗಳು ಇಂದು ಮಾರುಕಟ್ಟೆಯಲ್ಲಿವೆ. ಲಿಂಕನ್ ಒಬ್ಬನೇ ಕುಳಿತು ಓದುತ್ತಿದ್ದ. ಇಂದು ಯಂತ್ರವೇ ದಣಿವಿಲ್ಲದೆ ಓದಬಲ್ಲದು. ಯಂತ್ರಕ್ಕೆ ಕೊರಗಿಲ್ಲ, ಅದು ಕೆಲಸ ಬಿಟ್ಟು ಹೋಗುವುದೂ ಇಲ್ಲ.

ಖಾಸಗಿತನ ಸಂವಿಧಾನವು ಕೊಟ್ಟ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ೨೦೧೭ರ ಆಗಸ್ಟ್ ೨೪ರಂದು ಒಮ್ಮತದಿಂದ ಸಾರಿದರು. ಆ ಮೊಕದ್ದಮೆಗೆ ಹೆಸರು ಕೊಟ್ಟ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ೨೦೧೨ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ನ್ಯಾಯಾಲಯದ ಮೆಟ್ಟಿಲೇರಿದ್ದರು, ೨೦೨೪ರಲ್ಲಿ ತೀರಿಕೊಂಡರು. ಕನ್ನಡಿಗರು ಹೆಮ್ಮೆಪಡಬೇಕಾದ ಹೆಸರು ಇದು. ಆದರೂ ಮೂಲಭೂತ ಹಕ್ಕು ಮೊದಲಾಗಿ ಸರ್ಕಾರದ ಎದುರಿಗಿನ ರಕ್ಷಣೆ. ೨೦೨೩ರಲ್ಲಿ ಸಂಸತ್ತು ಒಪ್ಪಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಉದ್ಯೋಗದ ಉದ್ದೇಶಗಳಿಗಾಗಿ ಮತ್ತು ನಷ್ಟದಿಂದ ತನ್ನನ್ನು ಕಾಪಾಡಿಕೊಳ್ಳಲು ನೌಕರನ ದತ್ತಾಂಶವನ್ನು ಅವನ ಸಮ್ಮತಿಯಿಲ್ಲದೆಯೂ ಬಳಸಲು ಮಾಲೀಕನಿಗೆ ಎಡೆ ಕೊಟ್ಟಿದೆ. ಕೀಲಿಕೈ ಇನ್ನೂ ಲಿಂಕನ್ನನ ಕೈಯಲ್ಲಿಯೇ ಇದೆ ಎನ್ನಬೇಕು.

ನಿಯಮದ ಬಲದಿಂದ ಓದುವವನು ಒಳ್ಳೆಯವನಾದರೆ ಸಾಕೇ? ಸಾಲದು ಎಂಬುದನ್ನು ಈ ಕಾದಂಬರಿ ತನಗೇ ಅರಿವಿಲ್ಲದೆ ತೋರಿಸಿಕೊಡುತ್ತದೆ. ಲಿಂಕನ್‌ಗಿಂತ ಸಜ್ಜನ ಕಾವಲುಗಾರ ಸಿಗುವುದು ಕಷ್ಟ. ಅವನಿಂದಲೂ ಜೆನಿಫರ್‌ಳ ದುಃಖ ಅವಳದೇ ಆಗಿ ಉಳಿಯಲಿಲ್ಲ. ಕೃತಿಯ ಕುಂದು ಇದು, ಬೆಲೆಯೂ ಇದೇ.

ಇಂಗ್ಲಿಷ್ ತಿಳಿಯಾಗಿದೆ; ಕಾಲೇಜಿಗೆ ಹೋಗುವ ಮಕ್ಕಳೂ ತಂದೆತಾಯಿಯರೂ ಒಂದೇ ಪ್ರತಿಯನ್ನು ಸರದಿಯಲ್ಲಿ ಓದಬಹುದು. ಓದಿದ ಮೇಲೆ ಜೆನಿಫರ್‌ಳ ಬಗೆಗೆ ಮನೆಯಲ್ಲಿ ಒಮ್ಮೆ ಮಾತಾಡಿಕೊಳ್ಳಲಿ. ಮಾದಾಪುರದ ಗಾಜಿನ ಕಟ್ಟಡಗಳೊಳಗಿನ ಪ್ರೇಮ, ಪೇಚು, ಪರದಾಟಗಳನ್ನು ಕನ್ನಡದಲ್ಲಿ ನಗುತ್ತ ಹೇಳುವ ಕಾದಂಬರಿಯೊಂದು ನಮ್ಮ ತರುಣರ ಲೇಖನಿಯಿಂದ ಬರಲೆಂದು ಹಾರೈಸೋಣ. ಅದರಲ್ಲಿ ಜೆನಿಫರ್‌ಳಂಥವರಿಗೂ ಒಂದು ಅಧ್ಯಾಯ ಮೀಸಲಿರಲಿ.