ಬಲ್ಮಠದ ಶಾಂತಿ ದೇವಾಲಯ: ಒಂದು ವಿಮರ್ಶೆ

ಮಂಗಳೂರಿನ ಬಲ್ಮಠದಲ್ಲಿರುವ ಶಾಂತಿ ದೇವಾಲಯವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ತೃಪ್ತರಾಗುತ್ತಾರೆ: ಅದು ಜರ್ಮನರ ಲೂಥರನ್ ದೇವಾಲಯ, ಅದರ ಸ್ಥಾಪನೆ 1862ರಲ್ಲಿ. ಈ ಎರಡು ಮಾತುಗಳೂ ಪರಿಶೀಲನೆಗೆ ಅರ್ಹವಾಗಿವೆ.

ಮೊದಲನೆಯದಾಗಿ, ಹೆಸರಿನ ವಿಚಾರ. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ ಒಂದೇ ಪಂಥಕ್ಕೆ ಸೇರಿದುದಲ್ಲ. ವ್ಯುರ್ಟೆಂಬರ್ಗಿನ ಲೂಥರನ್ನರೂ ಸ್ವಿಸ್ ದೇಶದ ರಿಫಾರ್ಮ್ಡ್ ಪಂಥದವರೂ ಅದರಲ್ಲಿ ಕೂಡಿ ದುಡಿದರು. 1834ರಲ್ಲಿ ಮಂಗಳೂರಿಗೆ ಬಂದ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಈ ಮಿಶನ್ನಿನವರೇ. ಇಂದು ಈ ದೇವಾಲಯವು 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯ ಕರ್ನಾಟಕ ದಕ್ಷಿಣ ಸಭಾಪ್ರಾಂತಕ್ಕೆ ಸೇರಿದ ಕೆಥೆಡ್ರಲ್ ಆಗಿದೆ. ಆದುದರಿಂದ 'ಲೂಥರನ್' ಎಂಬುದು ಅದರ ಮೂಲಗಳಲ್ಲಿ ಒಂದನ್ನು ಸೂಚಿಸಬಲ್ಲುದೇ ಹೊರತು ಅದರ ಸ್ವರೂಪವನ್ನಲ್ಲ.

ಎರಡನೆಯದು ಕಾಲದ ವಿಚಾರ. ಕರಾವಳಿಯ ಮಿಶನ್ ಕಟ್ಟಡಗಳನ್ನು ವರ್ಣಿಸುವಾಗ ಮಂಗಳೂರು ಹೆಂಚನ್ನು ಅವುಗಳ ಹುಟ್ಟಿನೊಂದಿಗೇ ಸೇರಿಸಿ ಹೇಳುವುದುಂಟು. ಆದರೆ ಗಿಯೋರ್ಗ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದುದು 1865ರಲ್ಲಿ. 1862ರ ಕಟ್ಟಡಕ್ಕೆ ಆ ಕಾರ್ಖಾನೆಯ ಹೆಂಚು ಹೊದಿಸಿರಲು ಸಾಧ್ಯವಿಲ್ಲ. ಗೋಡೆಗೆ ಒಂದು ಕಾಲ, ಮಾಡಿಗೆ ಮತ್ತೊಂದು ಕಾಲ ಇರಬಹುದೆಂಬುದನ್ನು ಮರೆತು ಶಂಕುಸ್ಥಾಪನೆಯ ವರ್ಷವೊಂದರಿಂದಲೇ ಇಡೀ ಕಟ್ಟಡವನ್ನು ಅಳೆಯುವುದು ಸಮಂಜಸವಲ್ಲ.

ಮಾಡಿನ ಇಳಿಜಾರನ್ನು ಯುರೋಪಿನ ಅನುಕರಣವೆಂದು ತಳ್ಳಿಹಾಕುವುದೂ ಸರಿಯಲ್ಲ. ಮಳೆ ವಿರಳವಾದ ನಮ್ಮ ಚಳ್ಳಕೆರೆಯ ಸೀಮೆಯಲ್ಲಿ ತೊಲೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆ ಮನೆಯೇ ಸಾಕಾಯಿತು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಮಂಗಳೂರಿನಲ್ಲಿ ಅಂತಹ ಮಾಳಿಗೆ ಒಂದು ಮಳೆಗಾಲವನ್ನೂ ತಾಳದು. ಅಲ್ಲಿನ ಸಾಂಪ್ರದಾಯಿಕ ದೇವಸ್ಥಾನ, ಬಸದಿ, ಮನೆಗಳು ಸಾಮಾನ್ಯವಾಗಿ ಇಳಿಜಾರು ಮಾಡನ್ನೇ ಹೊಂದಿವೆ. ಮಾಡು ಮತವನ್ನು ಕೇಳುವುದಿಲ್ಲ, ಮಳೆಯನ್ನು ಕೇಳುತ್ತದೆ.

ಹೆಂಚಿನಿಂದ ನಾವು ಅರಿಯಬೇಕಾದ ಸಂಗತಿ ಬೇರೊಂದಿದೆ. ಮತಾಂತರ ಹೊಂದಿದವರು ಅನೇಕ ವೇಳೆ ಕುಲದೊಡನೆ ಕಸುಬನ್ನೂ ಕಳೆದುಕೊಂಡರು. ಅವರ ಜೀವನೋಪಾಯಕ್ಕಾಗಿಯೇ ಮಿಶನ್ ನೇಯ್ಗೆಯನ್ನೂ ಹೆಂಚಿನ ಉದ್ಯಮವನ್ನೂ ಬೆಳೆಸಿತು. ಹಾಲರ್ ಎಂಬವರು 1851ರಲ್ಲಿ ನೇಯ್ಗೆಯ ಕೆಲಸವನ್ನು ಸುಧಾರಿಸಿದರು. ಇದು ಉಪಕಾರವೆಂಬುದು ನಿಜ. ಆದರೆ ಉಪದೇಶ ಮಾಡುವ ಸಂಸ್ಥೆಯೇ ಕೂಲಿ ಕೊಡುವ ಧಣಿಯೂ ಆದಾಗ ಸಭಿಕನ ಸ್ವಾತಂತ್ರ್ಯ ಎಷ್ಟು ಉಳಿಯಿತೆಂದು ಕೇಳುವುದು ಇತಿಹಾಸಕಾರನ ಕರ್ತವ್ಯ. 1914ರ ಮಹಾಯುದ್ಧದ ಫಲವಾಗಿ ಜರ್ಮನ್ ಮಿಶನರಿಗಳು ಇಲ್ಲಿಂದ ತೆರಳಬೇಕಾಯಿತು. ಕಾರ್ಖಾನೆಗಳು ಅನ್ಯರ ವಶವಾದುವು. ಧಣಿ ಹೋದ ಮೇಲೂ ಸಭೆ ಉಳಿಯಿತು. ಮೇಲಿನ ಪ್ರಶ್ನೆಗೆ ಇದು ಪೂರ್ಣ ಉತ್ತರವಲ್ಲವಾದರೂ ಬಲವಾದ ಸಾಕ್ಷ್ಯ.

ಹೆಬಿಕ್, ಪ್ಲೆಬ್ಸ್ಟರ ಹೆಸರುಗಳನ್ನು ನಾವು ಬಲ್ಲೆವು. ಜೇಡಿಮಣ್ಣು ತುಳಿದವರ, ಕಲ್ಲು ಕಡಿದವರ ಹೆಸರುಗಳನ್ನು ನಮ್ಮ ಬರಹಗಳು ಕೇಳಲೂ ಇಲ್ಲ. ವಿದ್ಯಾರ್ಥಿಗಳು ಇಂತಹ ಕಟ್ಟಡವೊಂದನ್ನು ಅಭ್ಯಸಿಸಲು ಹೊರಟಾಗ ಶಿಲಾಫಲಕದೊಡನೆ ಹೆಂಚಿನ ಮೇಲಿನ ಮುದ್ರೆಯನ್ನೂ, ಸಭೆಯ ಹಿರಿಯರ ನೆನಪುಗಳನ್ನೂ ಆಧಾರವಾಗಿ ಗ್ರಹಿಸುವುದು ಉಚಿತ.